ಗೇರುಸೊಪ್ಪೆಯ ರಾಣಿ ಮತ್ತು ಇಟಲಿಯ ಪ್ರವಾಸಿ

ತುಮರಿಯ ಕಡೆಯವರಿಗೆ ಗೇರುಸೊಪ್ಪೆ ಪರವೂರಲ್ಲ. ನಮ್ಮ ಶರಾವತಿಯೇ ಘಟ್ಟ ಇಳಿದು ಅಲ್ಲಿ ದೋಣಿ ಸಾಗುವ ಹೊಳೆಯಾಗುತ್ತಾಳೆ. 1623ರಲ್ಲಿ ಹೊನ್ನಾವರದಿಂದ ಆ ಹೊಳೆಯಲ್ಲಿ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆಯ ಪತ್ರಗಳನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆಗೆ ಸಾಕ್ಷಿಯೆಂದು ಎತ್ತಿಕೊಳ್ಳುವುದುಂಟು. ಆ ಸಾಕ್ಷ್ಯವನ್ನು ಎಷ್ಟು ನಂಬಬಹುದು?

ಕಣ್ಣಾರೆ ಕಂಡದ್ದರಲ್ಲಿ ಅವನನ್ನು ಮೀರಿಸುವವರು ಕಡಿಮೆ. ಘಟ್ಟದ ದಾರಿಯ ಗುಡಿಯೊಂದರಲ್ಲಿ ಹುಡುಗರು ಮರಳಿನ ಮೇಲೆ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿ ಬರೆದಿದ್ದಾನೆ. ದೊಡ್ಡ ಪಟ್ಟಣವಾಗಿದ್ದ ಗೇರುಸೊಪ್ಪೆ ಹಾಳುಬಿದ್ದು ಮರಗಿಡ ಬೆಳೆದದ್ದನ್ನೂ ದಾಖಲಿಸಿದ್ದಾನೆ.

ಎಡವುವುದು ರಾಣಿಯ ಮಾತು ಬಂದಾಗ. ಅವಳು ಕೀಳು ಮನೆತನದ ಪರದೇಶಿಯೊಬ್ಬನಿಗೆ ಮನಸೋತು ರಾಜ್ಯವನ್ನೇ ಒಪ್ಪಿಸಿದಳಂತೆ, ಅವನು ತಿರುಗಿಬಿದ್ದನಂತೆ, ಕೊನೆಗೆ ನಾಡು ಇಕ್ಕೇರಿಯ ಅರಸ ವೆಂಕಟಪ್ಪನಾಯಕನ ಪಾಲಾಯಿತಂತೆ. ಹೇಳಿದವರು ಯಾರು? ಅವನ ಜೊತೆಗಿದ್ದವರು ಪೋರ್ಚುಗೀಸ್ ರಾಯಭಾರಿ ಮತ್ತು ಇಕ್ಕೇರಿಯ ಪ್ರತಿನಿಧಿ. ಪೋರ್ಚುಗೀಸರು 1569ರಲ್ಲಿ ಹೊನ್ನಾವರದ ಕೋಟೆ ಹಿಡಿದವರು. ಇಕ್ಕೇರಿಯವರು ಗೇರುಸೊಪ್ಪೆಯನ್ನೇ ಗೆದ್ದವರು. ಇನ್ನು ಚೆನ್ನಭೈರಾದೇವಿ ಆಳಿದ್ದು 1552ರಿಂದ 1606ರವರೆಗೆ, 54 ವರ್ಷ. ರಾಜ್ಯ ಕೈತಪ್ಪುವಾಗ ಅವಳು ಮುದುಕಿ. ಗೆದ್ದವರು ಹೆಣ್ಣಿನ ನಡತೆಯ ಮೇಲೆ ಹೊರಿಸಿದ ಈ ಕಥೆಯನ್ನು ನಾನು ನಂಬಲಾರೆ.

ಪೋರ್ಚುಗೀಸರು ಇಟ್ಟ ‘ಮೆಣಸಿನ ರಾಣಿ’ ಎಂಬ ಹೆಸರನ್ನೂ ಅವನು ಹಾಗೆಯೇ ಎತ್ತಿಕೊಂಡ. ಅದು ಕೊಳ್ಳುವವನು ಕೊಟ್ಟ ಹೆಸರು. ನಾವೂ ಹೆಮ್ಮೆಯಿಂದ ಅದನ್ನೇ ಹೇಳುತ್ತೇವೆ. ಮರಕ್ಕೆ ಬಳ್ಳಿ ಹಬ್ಬಿಸಿದವರು, ಮೆಣಸು ಕೊಯ್ದು ಒಣಗಿಸಿದವರು, ಹೇರೆತ್ತಿನ ಹಿಂದೆ ಘಟ್ಟ ಇಳಿದವರು ಆ ಹೆಸರಿನಲ್ಲಿಲ್ಲ. ಭಟ್ಕಳದ ನವಾಯತ ಮುಸ್ಲಿಮರ ಕಡಲ ವ್ಯಾಪಾರವೂ ಇಲ್ಲ, ಅದೇ ಊರಿನಲ್ಲಿ ಖೇತಪೈ ನಾರಾಯಣ ದೇವಾಲಯ ಕಟ್ಟಿಸಿದ ಕೊಂಕಣಿ ವರ್ತಕರೂ ಇಲ್ಲ. ರಾಣಿ ಜೈನಳು; ಬಂದರಿನ ಪೇಟೆಯಲ್ಲಿ ಬಸದಿ, ಗುಡಿ, ಮಸೀದಿ ಒಟ್ಟಿಗೆ ಇದ್ದವು. ಎಲ್ಲರಲ್ಲೂ ಪ್ರೀತಿಯೇ ತುಂಬಿತ್ತೆಂದು ನಾನು ಹೇಳುತ್ತಿಲ್ಲ. ಸರಕು ಮನೆಯಿಂದ ಹಡಗಿಗೆ ಹೋಗಬೇಕಾದರೆ ಒಬ್ಬರಿಗೆ ಇನ್ನೊಬ್ಬರು ಬೇಕಿತ್ತು. ಆ ಕಾಲದ ಸಮಾಜವನ್ನು ಅರಿಯಲು ಇದು ರಾಣಿಯ ಪ್ರಣಯಕ್ಕಿಂತ ದೊಡ್ಡ ಸಂಗತಿ. ಪತ್ರಗಳಲ್ಲಿ ಅದಕ್ಕೆ ಸಿಕ್ಕ ಜಾಗ ತೀರ ಸಣ್ಣದು.

ದೆಲ್ಲಾ ವಲ್ಲೆಯನ್ನು ಖಂಡಿತ ಓದಿ. ಓದಿದ ಮೇಲೆ ಗೇರುಸೊಪ್ಪೆಯ ಹೊಳೆ ದಾಟಿ, ಕಾಡಿನೊಳಗಿನ ಚತುರ್ಮುಖ ಬಸದಿಗೆ ಹೋಗಿ ಬನ್ನಿ. ನಾಲ್ಕು ದಿಕ್ಕಿಗೂ ಅದಕ್ಕೆ ಬಾಗಿಲಿದೆ.