ನಾರ್ವೆಯ ಭೂದೃಶ್ಯ ಛಾಯಾಚಿತ್ರಗಳು: ಸ್ವಭಾವೋಕ್ತಿಯ ಒಂದು ಪ್ರಶ್ನೆ

ಛಾಯಾಚಿತ್ರವನ್ನು ವಿಮರ್ಶೆಯ ವಿಷಯವನ್ನಾಗಿ ಎತ್ತಿಕೊಳ್ಳುವವರಿಗೆ ಮೊದಲು ಎದುರಾಗುವ ಆಕ್ಷೇಪ ಒಂದಿದೆ. ಚಿತ್ರಕಾರನು ಕುಂಚದಿಂದ ಬರೆಯುತ್ತಾನೆ. ಛಾಯಾಗ್ರಾಹಕನಾದರೋ ಬೆಳಕು ತಾನಾಗಿ ಬರೆದುದನ್ನು ಕಾಪಾಡಿಕೊಡುವವನು ಮಾತ್ರ. ಇದ್ದುದನ್ನು ಇದ್ದಂತೆ ತೋರಿಸುವ ವಸ್ತುವಿನಲ್ಲಿ ವಿಮರ್ಶಕನು ಹುಡುಕುವುದೇನು? ಪ್ರವಾಸದ ಹಾಗೂ ಭೂದೃಶ್ಯದ ಚಿತ್ರಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ಬಲವಾಗಿ ಕೇಳಿಬರುತ್ತದೆ. ಬೆಟ್ಟವನ್ನು ಯಾರೂ ಕಟ್ಟಲಿಲ್ಲ. ಜಲಪಾತಕ್ಕೆ ಯಾರೂ ವೇಷ ಹಾಕಲಿಲ್ಲ. ನಿಂತು ನೋಡಿದವನು ಕಂಡುದನ್ನೇ ತಂದಿದ್ದಾನೆ ಎಂದು ನಾವು ಸುಲಭವಾಗಿ ನಂಬುತ್ತೇವೆ.

ನಮ್ಮ ಅಲಂಕಾರಶಾಸ್ತ್ರಕ್ಕೆ ಈ ಪ್ರಶ್ನೆ ಅಪರಿಚಿತವಲ್ಲ. ವಸ್ತುವಿನ ಸ್ವರೂಪವನ್ನು ಸಾಕ್ಷಾತ್ತಾಗಿ ಹೇಳುವ ಸ್ವಭಾವೋಕ್ತಿಯನ್ನು ದಂಡಿಯು ಮೊದಲನೆಯ ಅಲಂಕಾರವೆಂದು ಎಣಿಸಿದನು. ಕುಂತಕನು ಇದನ್ನು ಒಪ್ಪಲಿಲ್ಲ. ವಸ್ತುವಿನ ಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಲ್ಲ. ಅದನ್ನೇ ಅಲಂಕಾರವೆಂದರೆ ಇನ್ನು ಅಲಂಕರಿಸುವುದಾದರೂ ಏನನ್ನು ಎಂಬುದು ಅವನ ವಾದ. ಭೂದೃಶ್ಯದ ಛಾಯಾಚಿತ್ರವು ನೋಡುವವರಲ್ಲಿ ಮೂಡಿಸುವ ವಿಶ್ವಾಸ ಸ್ವಭಾವೋಕ್ತಿಯದು. ಆ ವಿಶ್ವಾಸ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ನಾರ್ವೆ ದೇಶದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾರ್ವೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕ್ಯಾಮೆರಾ ಅಲ್ಲಿಯ ಕಣಿವೆಗಳನ್ನು ಹೊಗುವ ಮೊದಲೇ ಆ ದೇಶದ ದೃಶ್ಯಗಳಿಗೆ ಒಂದು ಸಿದ್ಧರೂಪ ದೊರೆತಿತ್ತು. ಡ್ರೆಸ್ಡೆನ್ನಿನಲ್ಲಿ ನೆಲಸಿದ್ದ ಯೋಹಾನ್ ಕ್ರಿಶ್ಚಿಯನ್ ಡಾಲ್ (1788–1857) ತಾಯ್ನಾಡಿನ ಬೆಟ್ಟಗಳನ್ನೂ ಜಲಪಾತಗಳನ್ನೂ ದೊಡ್ಡ ಪ್ರಮಾಣದಲ್ಲಿ ಚಿತ್ರಿಸಿದ್ದನು. 1848ರಲ್ಲಿ ಟಿಡೆಮಾಂಡ್ ಮತ್ತು ಗೂಡೆ ಎಂಬ ಇಬ್ಬರು ಕೂಡಿ ಬರೆದ ಹಾರ್ಡಾಂಗರ್ ಮದುವೆಯ ದಿಬ್ಬಣದ ಚಿತ್ರ ನಾರ್ವೆಯ ಜನರಿಗೆ ತಮ್ಮ ನಾಡಿನ ಮುಖವೇ ಆಗಿಬಿಟ್ಟಿತು. ಶಾಂತವಾದ ಫಿಯೋರ್ಡಿನ ನೀರು, ಎರಡು ಕಡೆಯೂ ಕಡಿದಾದ ಬೆಟ್ಟ, ಮೇಲೆ ಹಿಮ, ನಡುವೆ ದೋಣಿ. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಂತೆ ಈ ಅಂಗಗಳು ಒಂದು ಸಂಪ್ರದಾಯವಾಗಿ ನಿಂತುವು. ಅನಂತರ ಬಂದ ಛಾಯಾಗ್ರಾಹಕನು ಬರಿಯ ಕಣ್ಣಿನಿಂದ ನೋಡಿದನೆಂದು ಹೇಳಲಾಗದು. ಎಲ್ಲಿ ನಿಂತು ಏನನ್ನು ನೋಡಬೇಕೆಂಬುದನ್ನು ಆತ ಆಗಲೇ ಕಲಿತಿದ್ದನು.

ಈ ಪರಂಪರೆಯ ಮುಖ್ಯ ಪುರುಷ ಕ್ನುಡ್ ಕ್ನುಡ್ಸೆನ್ (1832–1915). ಹಾರ್ಡಾಂಗರ್ ಪ್ರಾಂತದ ಓಡ್ಡಾ ಎಂಬಲ್ಲಿ ಹುಟ್ಟಿ, ಹಣ್ಣಿನ ಬೇಸಾಯವನ್ನು ಕಲಿಯಲು ಜರ್ಮನಿಗೆ ಹೋಗಿ, 1864ರ ವೇಳೆಗೆ ಬರ್ಗೆನ್ ನಗರದಲ್ಲಿ ಛಾಯಾಚಿತ್ರದ ಅಂಗಡಿಯನ್ನು ತೆರೆದವನು ಈತ. ಮುಂದೆ ಹಲವು ದಶಕಗಳ ಕಾಲ ನಾರ್ವೆಯ ಉದ್ದಗಲಕ್ಕೂ ಸಂಚರಿಸಿ ಚಿತ್ರಗಳನ್ನು ತೆಗೆದು, ಅವುಗಳಿಗೆ ಸಂಖ್ಯೆಯನ್ನೂ ಹೆಸರನ್ನೂ ಕೊಟ್ಟು ಪ್ರವಾಸಿಗಳಿಗೆ ಮಾರಿದನು. ಆತನ ಸಂಗ್ರಹ ಇಂದು ಬರ್ಗೆನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ.

ಕ್ನುಡ್ಸೆನ್ನನ ಕಾಲದ ವಿಧಾನವನ್ನು ತಿಳಿಯದೆ ಆತನ ಚಿತ್ರಗಳ ಗುಣದೋಷಗಳನ್ನು ಹೇಳುವುದು ಸಾಧ್ಯವಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ದ್ರವವನ್ನು ಸವರಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವುದರೊಳಗೆ ಬೆಳಕು ತೋರಿಸಿ, ಹಸಿಯಾಗಿರುವಾಗಲೇ ಚಿತ್ರವನ್ನು ಮೂಡಿಸಬೇಕಾಗಿತ್ತು. ಈ ಕೆಲಸವೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಆದುದರಿಂದ ಗಾಜು, ರಾಸಾಯನಿಕಗಳು, ಕತ್ತಲೆಯ ಗುಡಾರ ಇವೆಲ್ಲವೂ ದೋಣಿಯಲ್ಲೋ ಗಾಡಿಯಲ್ಲೋ ಜೊತೆಗೇ ಸಾಗುತ್ತಿದ್ದುವು. ದಾರಿಯಿಲ್ಲದ ಕಡೆ ಚಿತ್ರ ದುರ್ಲಭ. ಇದಲ್ಲದೆ ಆ ಫಲಕಕ್ಕೆ ನೀಲಿಯ ಬೆಳಕು ಬೇಗ ತಗಲುತ್ತಿತ್ತು. ನೆಲಕ್ಕೆ ಸಾಕಾಗುವಷ್ಟು ಬೆಳಕು ಕೊಡುವಷ್ಟರಲ್ಲಿ ಆಕಾಶ ಮಿತಿಮೀರಿ ಬೆಳಗಿ, ಮೋಡಗಳೆಲ್ಲ ಅಳಿಸಿ, ಬರಿಯ ಬಿಳುಪಾಗಿ ಉಳಿಯುತ್ತಿತ್ತು. ಹರಿಯುವ ನೀರು ಕ್ಷಣಕ್ಕೊಂದು ರೂಪ ತಾಳುವುದರಿಂದ ಜಲಪಾತವು ಹಾಲಿನ ಪರದೆಯಂತೆ ಮಸುಕಾಗಿ ಮೂಡುತ್ತಿತ್ತು.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಇಂದಿನ ಕ್ಯಾಮೆರಾ ಕ್ಷಣದ ಸಾವಿರದಲ್ಲೊಂದು ಪಾಲಿನಲ್ಲಿ ನೀರಿನ ಪ್ರತಿಯೊಂದು ಹನಿಯನ್ನೂ ಹಿಡಿಯಬಲ್ಲುದು. ಆದರೂ ಅನೇಕ ಛಾಯಾಗ್ರಾಹಕರು ಮಸೂರದ ಮುಂದೆ ಕಪ್ಪು ಗಾಜನ್ನಿಟ್ಟು ಬೇಕೆಂದೇ ಹೆಚ್ಚು ಹೊತ್ತು ಬೆಳಕು ಕೊಟ್ಟು ನೀರನ್ನು ಹಾಲಾಗಿಸುತ್ತಾರೆ. ಕ್ನುಡ್ಸೆನ್ನನಿಗೆ ಅನಿವಾರ್ಯವಾಗಿದ್ದುದು ಇವರಿಗೆ ಶೈಲಿಯಾಗಿದೆ. ಹಾಲಿನಂಥ ಜಲಪಾತವನ್ನು ಯಾವ ಕಣ್ಣೂ ಕಂಡಿಲ್ಲ; ಆದರೂ ಅದೇ ಜಲಪಾತದ ಸಹಜ ರೂಪವೆಂದು ನೋಡುವವರು ಒಪ್ಪುತ್ತಾರೆ. ಸ್ವಭಾವೋಕ್ತಿಯೆಂದು ನಾವು ಭಾವಿಸಿದುದರೊಳಗೆ ವಕ್ರತೆ ಅಡಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಆದರೆ ಇಷ್ಟರಿಂದಲೇ ಕ್ನುಡ್ಸೆನ್ನನನ್ನು ಹಗುರವಾಗಿ ಕಾಣುವುದು ಅನ್ಯಾಯವಾದೀತು. ಆತನ ಚಿತ್ರಗಳಲ್ಲಿ ಬೆಟ್ಟವು ಜನರನ್ನು ಹೊರದೂಡುವುದಿಲ್ಲ. ದಾರಿ, ಸೇತುವೆ, ದೋಣಿ, ಹೊಲದ ಬದಿಯ ಮರದ ಮನೆ, ನಿಂತು ನೋಡುವ ಮನುಷ್ಯ ಇವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಅವು ಬೆಟ್ಟದ ಎತ್ತರಕ್ಕೆ ಅಳತೆಗೋಲಾಗಿರುವುದು ನಿಜ. ಆದರೆ ಇಲ್ಲಿ ಜನ ಬಾಳುತ್ತಾರೆ ಎಂಬ ಸುದ್ದಿಯನ್ನೂ ಅವು ಹೇಳುತ್ತವೆ. ಓಡ್ಡಾದ ಬಳಿಯ ಬುವಾರ್ ಹಿಮನದಿಯ ಆತನ ಚಿತ್ರಗಳು ಪ್ರವಾಸಿಗಳ ನೆನಪಿಗಾಗಿ ಹುಟ್ಟಿದುವು. ಅಂಥ ಹಳೆಯ ಚಿತ್ರಗಳೇ ಇಂದು ಹಿಮನದಿಗಳು ಎಷ್ಟು ಹಿಂದೆ ಸರಿದಿವೆ ಎಂಬುದನ್ನು ಅಳೆಯುವ ವಿಜ್ಞಾನಿಗಳಿಗೆ ಸಾಕ್ಷ್ಯವಾಗಿವೆ. ಮಾರಾಟದ ಸರಕು ದಾಖಲೆಯಾದುದು ಆತ ವಿವರವನ್ನು ವಂಚಿಸದಿದ್ದುದರಿಂದ.

ಎರಡನೆಯ ಮುಖ್ಯ ಹೆಸರು ಆಂಡರ್ಸ್ ಬೇರ್ ವಿಲ್ಸೆ (1865–1949). 1825ರಿಂದ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಮಿಕ್ಕ ಜನ ನಾರ್ವೆಯನ್ನು ಬಿಟ್ಟು ವಲಸೆ ಹೋದರು. 1884ರಲ್ಲಿ ಅಮೆರಿಕಕ್ಕೆ ತೆರಳಿದ ವಿಲ್ಸೆ ಅವರಲ್ಲೊಬ್ಬ. ಸಿಯಾಟಲ್ಲಿನಲ್ಲಿ ಛಾಯಾಗ್ರಾಹಕನಾಗಿ ಹೆಸರು ಮಾಡಿ, 1900ರಲ್ಲಿ ಹಿಂತಿರುಗಿ, ಮರುವರ್ಷ ಈಗಿನ ಓಸ್ಲೋ ನಗರದಲ್ಲಿ ತನ್ನ ಸಂಸ್ಥೆಯನ್ನು ತೆರೆದನು. ಸ್ವೀಡನ್ನಿನೊಡನಿದ್ದ ಸಂಯೋಗ 1905ರಲ್ಲಿ ಕಡಿದು ನಾರ್ವೆ ಸ್ವತಂತ್ರ ರಾಜ್ಯವಾದಾಗ ಹೊಸ ದೊರೆ ಹಾಕನ್ ಬಂದಿಳಿದ ಸಂದರ್ಭವನ್ನು ಚಿತ್ರಿಸಿದವನೂ ಈತನೇ. ವಿಲ್ಸೆ ತನ್ನ ಚಿತ್ರಗಳನ್ನು ಗಾಜಿನ ಮೇಲೆ ಬಣ್ಣಗೂಡಿಸಿ, ದೀಪದ ಮೂಲಕ ಪರದೆಗೆ ಹಾಯಿಸಿ, ಊರೂರುಗಳಲ್ಲಿ ಉಪನ್ಯಾಸ ಮಾಡುತ್ತಿದ್ದನು.

ಕ್ನುಡ್ಸೆನ್ನನ ಗ್ರಾಹಕ ಹೊರಗಿನಿಂದ ಬಂದ ಪ್ರವಾಸಿ. ವಿಲ್ಸೆಯ ಸಭಿಕ ನಾಡಿನ ಪ್ರಜೆ. ಮೊದಲನೆಯವನಲ್ಲಿ ದೃಶ್ಯವು ‘ಇಂಥದನ್ನು ಕಂಡೆ’ ಎನ್ನುತ್ತದೆ. ಎರಡನೆಯವನಲ್ಲಿ ‘ಇದು ನಮ್ಮದು’ ಎನ್ನುತ್ತದೆ. ಅಗಲಿ ಮರಳಿದವನ ಕಣ್ಣಿಗೆ ತಾಯ್ನಾಡು ಹೆಚ್ಚು ಚೆಲುವಾಗಿ ತೋರುವುದು ಸಹಜ. ಆದರೆ ಆ ಚೆಲುವಿನ ಉತ್ಸಾಹದಲ್ಲಿ, ಎಂಟು ಲಕ್ಷ ಜನ ಈ ರಮ್ಯವಾದ ಕಣಿವೆಗಳನ್ನು ಬಿಟ್ಟು ಹೋದುದೇಕೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಉಳುಮೆಗೆ ಒದಗುವ ನೆಲ ನೂರಕ್ಕೆ ಸುಮಾರು 3 ಪಾಲು ಮಾತ್ರ ಇರುವ ದೇಶದಲ್ಲಿ ಕಡಿದಾದ ಬೆಟ್ಟವು ನೋಡುವವನಿಗೆ ಭವ್ಯ, ಬೇಸಾಯಗಾರನಿಗೆ ಬಡತನ.

ಈ ಇನ್ನೊಂದು ಮುಖವನ್ನು ಕಂಡವರು ಇಲ್ಲದಿಲ್ಲ. ರಷ್ಯಾದ ಗಡಿಗೆ ಹತ್ತಿರವಾದ ಕಿರ್ಕೆನೆಸ್ ಪ್ರದೇಶದಲ್ಲಿ ವೈದ್ಯನ ಪತ್ನಿಯಾಗಿದ್ದ ಎಲ್ಲಿಸಿಫ್ ವೆಸೆಲ್ (1866–1949) ಅಲ್ಲಿಯ ಸಾಮಿ ಜನರನ್ನೂ ಬಡ ಒಕ್ಕಲುಗಳನ್ನೂ ಚಿತ್ರಿಸಿದಳು. 1906ರಲ್ಲಿ ಗಣಿಯ ಉದ್ಯಮ ಬಂದ ಮೇಲೆ ಆಕೆ ಗಣಿಕಾರ್ಮಿಕರ ಸಂಘಟನೆಯಲ್ಲಿ ತೊಡಗಿದಳು. ಆಕೆಯ ಚಿತ್ರಗಳಲ್ಲಿಯೂ ಉತ್ತರದ ಆಕಾಶವಿದೆ, ಹಿಮವಿದೆ. ಆದರೆ ಅವುಗಳ ಕೆಳಗೆ ನಿಂತ ಮನುಷ್ಯನು ಅಳತೆಗೋಲಾಗಿ ನಿಂತಿಲ್ಲ.

ಸುಂದರವಾದುದೆಲ್ಲ ಪ್ರಕೃತಿಯ ಕೊಡುಗೆಯೇ ಎಂಬುದು ಎರಡನೆಯ ಪ್ರಶ್ನೆ. ಆಸ್ಕರ್ ಪುಶ್ಮನ್ ಎಂಬ ನಮ್ಮ ಕಾಲದ ಛಾಯಾಗ್ರಾಹಕರು ಇದಕ್ಕೆ ಉತ್ತರವನ್ನು ಒದಗಿಸಿದ್ದಾರೆ. ಅವರು ಆಕ್ಸೆಲ್ ಲಿಂಡಾಲ್ (1841–1906) ಮತ್ತು ವಿಲ್ಸೆ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು, ಅದೇ ದೃಶ್ಯವನ್ನು ಮತ್ತೆ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದಾಗ ಅನೇಕ ಕಡೆ ಹಳೆಯ ನೋಟವೇ ಮುಚ್ಚಿಹೋಗಿರುವುದು ತಿಳಿಯುತ್ತದೆ. ಕಾರಣ ಕಾರ್ಖಾನೆಯಲ್ಲ, ಕಾಡು. ಹಿಂದೆ ಬೇಸಗೆಯಲ್ಲಿ ದನ, ಮೇಕೆಗಳನ್ನು ಬೆಟ್ಟದ ದೊಡ್ಡಿಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು; ಕಡಿದಾದ ಇಳಿಜಾರುಗಳಲ್ಲಿಯೂ ಹುಲ್ಲು ಕೊಯ್ಯುತ್ತಿದ್ದರು; ಸೌದೆಗೆ ಮರ ಕಡಿಯುತ್ತಿದ್ದರು. ಆ ದುಡಿಮೆ ನಿಂತಮೇಲೆ ಬಯಲಾಗಿದ್ದ ಇಳಿಜಾರಿನಲ್ಲಿ ಮರ ಬೆಳೆದು ಫಿಯೋರ್ಡನ್ನು ಮರೆಮಾಡಿತು. ಪ್ರಕೃತಿಯ ಸೌಂದರ್ಯವೆಂದು ಪ್ರವಾಸಿ ಹೊಗಳಿದ ನೋಟವನ್ನು ತೆರೆದಿಟ್ಟಿದ್ದು ಒಕ್ಕಲಿಗನ ಕುಡುಗೋಲು, ಮೇಕೆಯ ಹಲ್ಲು. ಬೆಟ್ಟವನ್ನು ಯಾರೂ ಕಟ್ಟಲಿಲ್ಲವೆಂಬುದು ನಿಜವಾದರೂ ಬೆಟ್ಟದ ನೋಟವನ್ನು ಕಟ್ಟಿದವರಿದ್ದರು.

ಇನ್ನು ಇಂದಿನ ಸ್ಥಿತಿ. ಕ್ನುಡ್ಸೆನ್ ಹುಟ್ಟಿದ ಓಡ್ಡಾದ ಸಮೀಪದಲ್ಲಿಯೇ ಟ್ರೋಲ್‌ಟುಂಗಾ ಎಂಬ, ನಾಲಗೆಯಂತೆ ಮುಂಚಾಚಿದ ಬಂಡೆಯಿದೆ. ಕೆಳಗಿನ ರಿಂಗೆಡಾಲ್ ಸರೋವರಕ್ಕಿಂತ ಅದು ಸುಮಾರು 700 ಮೀಟರ್ ಎತ್ತರದಲ್ಲಿದೆ. 2010ರಲ್ಲಿ ಸುಮಾರು 800 ಮಂದಿ ಅಲ್ಲಿಗೆ ಹತ್ತಿದರೆಂದೂ 2016ರಲ್ಲಿ ಆ ಸಂಖ್ಯೆ 80,000ಕ್ಕೆ ಏರಿತೆಂದೂ ಅಂದಾಜು. ಈ ಏರಿಕೆಗೆ ಮುಖ್ಯ ಕಾರಣ ಜನರು ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡ ಒಂದೇ ಬಗೆಯ ಚಿತ್ರ: ಬಂಡೆಯ ತುದಿಯಲ್ಲಿ ಒಬ್ಬನೇ ಮನುಷ್ಯ, ಸುತ್ತಲೂ ಶೂನ್ಯ, ಕೆಳಗೆ ನೀಲಿಯ ನೀರು. ಆ ಏಕಾಂತಕ್ಕಾಗಿ ಚೌಕಟ್ಟಿನ ಹೊರಗೆ ಜನರು ಸಾಲುಗಟ್ಟಿ ಗಂಟೆಗಟ್ಟಲೆ ಕಾದು ನಿಲ್ಲುತ್ತಾರೆ. ಕೆಳಗಿನ ಸರೋವರವೂ ಅಸ್ಪೃಷ್ಟವಾದ ಪ್ರಕೃತಿಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟ್ಯುಸೆಡಾಲಿನ ವಿದ್ಯುದಾಗಾರಕ್ಕಾಗಿ ಅದಕ್ಕೆ ಅಣೆಕಟ್ಟು ಹಾಕಲಾಯಿತು. ಆ ವಿದ್ಯುತ್ತಿನ ಬಲದಿಂದ 1908ರಲ್ಲಿ ಓಡ್ಡಾದಲ್ಲಿ ಕಾರ್ಬೈಡ್ ಕಾರ್ಖಾನೆ ನಡೆಯಲಾರಂಭಿಸಿತು. ಹಿಂದೆ ಪ್ರವಾಸಿಗಳನ್ನು ಸೆಳೆಯುತ್ತಿದ್ದ ಜಲಪಾತಗಳ ನೀರು ಯಂತ್ರಗಳ ಪಾಲಾಯಿತು. ಇಂದಿನ ಚಿತ್ರದಲ್ಲಿ ಅಣೆಕಟ್ಟಿಲ್ಲ, ಸಾಲಿಲ್ಲ, ಒಕ್ಕಲಿಗನಿಲ್ಲ. ಕ್ನುಡ್ಸೆನ್ನನ ಚಿತ್ರ ಪ್ರವಾಸಿಗೆ ಸ್ಥಳವನ್ನು ಕೊಟ್ಟಿತು; ಇಂದಿನ ಚಿತ್ರ ಸ್ಥಳವನ್ನು ಪ್ರವಾಸಿಯ ಹಿನ್ನೆಲೆಯನ್ನಾಗಿಸಿದೆ.

ಹಾಗಾದರೆ ಚೆಲುವನ್ನು ಚೆಲುವಾಗಿ ತೋರಿಸುವುದೇ ಅಪರಾಧವೆ ಎಂದು ಕೇಳಬಹುದು. ಅಲ್ಲ. ಪ್ರತಿಯೊಂದು ಚಿತ್ರವೂ ಸಾಮಾಜಿಕ ವರದಿಯಾಗಬೇಕೆಂದು ವಿಧಿಸುವುದು ಕಲೆಗೆ ಹಾನಿಕರ. ಚೌಕಟ್ಟು ಎಂದರೆ ಬಿಡುವುದು, ಬಿಡದೆ ಚಿತ್ರವಿಲ್ಲ. ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಬಿಟ್ಟುದರಿಂದ ಉಳಿದುದಕ್ಕೆ ಬಲ ಬಂದಿದೆಯೆ? ಉಳಿದುದು ಬಿಟ್ಟುದನ್ನು ಅಲ್ಲಗಳೆಯುತ್ತಿದೆಯೆ? ಕ್ನುಡ್ಸೆನ್ನನ ಬಿಳಿಯ ಆಕಾಶ ಮೊದಲನೆಯದಕ್ಕೆ ನಿದರ್ಶನ; ಟ್ರೋಲ್‌ಟುಂಗಾದ ಏಕಾಂತ ಎರಡನೆಯದಕ್ಕೆ.

ದಂಡಿ–ಕುಂತಕರ ವಿವಾದಕ್ಕೆ ಈ ಚಿತ್ರಗಳು ಒಂದು ಬೆಳಕನ್ನು ಬೀರುತ್ತವೆ ಎಂದು ನಮಗೆ ತೋರುತ್ತದೆ. ಬೆಟ್ಟ, ನೀರು, ಹಿಮ ಇವು ಕುಂತಕನು ಹೇಳಿದಂತೆ ಅಲಂಕಾರ್ಯಗಳು. ನಿಲ್ಲುವ ಜಾಗ, ಕಾಯುವ ಹೊತ್ತು, ಬಿಡುವ ವಸ್ತು ಇವುಗಳಲ್ಲಿ ಛಾಯಾಗ್ರಾಹಕನ ವಕ್ರತೆಯಿದೆ. ಆ ವಕ್ರತೆ ತನ್ನನ್ನು ಮರೆಸಿಕೊಂಡು ವಸ್ತುವನ್ನೇ ಮುಂದೆ ಮಾಡಿದಾಗ ದಂಡಿ ಮೆಚ್ಚಿದ ಸ್ವಭಾವೋಕ್ತಿ ಸಿದ್ಧಿಸುತ್ತದೆ. ವಸ್ತುವನ್ನು ಮರೆಸಿ ತಾನು ಮುಂದಾದಾಗ ಸ್ವಭಾವವೂ ಉಳಿಯದು, ಉಕ್ತಿಯೂ ಉಳಿಯದು. ಪ್ರವಾಸಕಥನಗಳನ್ನು ಓದುವ ವಿದ್ಯಾರ್ಥಿಗಳು ಅವುಗಳ ಜೊತೆಗೆ ಅಚ್ಚಾಗುವ ಚಿತ್ರಗಳನ್ನು ಬರಿಯ ಅಲಂಕರಣವೆಂದು ದಾಟಿಹೋಗದೆ, ಗದ್ಯಕ್ಕೆ ಹಾಕುವ ಪ್ರಶ್ನೆಗಳನ್ನು ಅವುಗಳಿಗೂ ಹಾಕುವುದು ಯುಕ್ತ. ಚಿತ್ರದಲ್ಲಿ ಏನಿದೆ ಎಂಬುದನ್ನು ಕಣ್ಣು ಹೇಳುತ್ತದೆ. ಏನಿಲ್ಲ ಎಂಬುದನ್ನು ಅಧ್ಯಯನವೇ ಹೇಳಬೇಕು.