ಆಪ್ ಅಂಗಡಿಯೂ ಕೃತಿಪರೀಕ್ಷೆಯೂ

ಜೇಮ್ಸ್ ಜಾಯ್ಸನ ‘ಯುಲಿಸೀಸ್’ ಅಶ್ಲೀಲವಲ್ಲವೆಂದು 1933ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ವುಲ್ಸಿಯು ತೀರ್ಪಿತ್ತುದು ವಾಚಕರಿಗೆ ವಿದಿತವೇ. ಆತನು ಗ್ರಂಥವನ್ನು ಆದ್ಯಂತವಾಗಿ ಓದಿ, ಅದರ ಸಮಗ್ರ ಪರಿಣಾಮವನ್ನು ತೂಗಿ, ತನ್ನ ಕಾರಣಗಳನ್ನು ಬರೆದಿಟ್ಟನು. 2010ರಲ್ಲಿ ಆ ಕಾದಂಬರಿಯ ಚಿತ್ರಕಥಾರೂಪವಾದ ‘ಯುಲಿಸೀಸ್ ಸೀನ್’ ಐಪ್ಯಾಡಿಗೆ ಸಿದ್ಧವಾದಾಗ, ಆಪಲ್ ಸಂಸ್ಥೆಯು ಅದರೊಳಗಿನ ನಗ್ನಚಿತ್ರಗಳನ್ನು ತೆಗೆಯಿಸಿತು. ಪತ್ರಿಕೆಗಳಲ್ಲಿ ಆಕ್ಷೇಪವೆದ್ದ ಬಳಿಕ, ಜೂನ್ ತಿಂಗಳಲ್ಲಿ, ಅವನ್ನು ಮರಳಿ ಸೇರಿಸಲು ಒಪ್ಪಿತು. ಅದೇ ವರ್ಷ ಪ್ರಕಟವಾದ ಅದರ ನಿಯಮಾವಳಿಯು, ಆಪ್‌ಗಳು ಗ್ರಂಥಗಳಂತಲ್ಲವೆಂದೂ, ಮತವನ್ನು ವಿಮರ್ಶಿಸಬಯಸುವವರು ಗ್ರಂಥವನ್ನೇ ಬರೆಯಲೆಂದೂ ಸಾರಿತು. ಸರಕನ್ನು ಆರಿಸುವ ಹಕ್ಕು ವರ್ತಕನಿಗುಂಟು. ಆದರೆ ಆ ಯಂತ್ರಕ್ಕೆ ಅಧಿಕೃತವಾದ ಅಂಗಡಿಯು ಆಗ ಅದೊಂದೇ ಆಗಿದ್ದುದರಿಂದ, ಅವನ ಆಯ್ಕೆಯು ನಿಷೇಧಕ್ಕೆ ಸಮಾನವಾಯಿತು. ಅಂತಹ ಅಧಿಕಾರವುಳ್ಳವನು ಬಿಡಿಚಿತ್ರವನ್ನು ನೋಡಿ ತಡೆಯದೆ, ವುಲ್ಸಿಯಂತೆ ಸಮಗ್ರವನ್ನು ಓದಿ ಕಾರಣವನ್ನು ಹೇಳತಕ್ಕುದೆಂದು ನಮ್ಮ ಅಭಿಪ್ರಾಯವು.