ಕಾರಾಪುರದ ಸಾಬು: ಹೆಮ್ಮೆಯ ಆಚೆಗೆ

ಊರು ಬಿಟ್ಟು ಹೊರಗೆ ಹೋಗಿ ಹೆಸರು ಮಾಡಿದವರನ್ನು ‘ನಮ್ಮವರು’ ಎಂದು ಹೇಳಿಕೊಳ್ಳುವ ಆಸೆ ಹೊರನಾಡ ಕನ್ನಡಿಗರಾದ ನಮಗೆ ತುಸು ಹೆಚ್ಚೇ. ಹಾಲಿವುಡ್ ನಟ ಸಾಬುವಿನ ಹೆಸರು ಬಂದಾಗಲೂ ‘ಅವನು ನಮ್ಮ ಮೈಸೂರಿನ ಹುಡುಗ’ ಎಂಬಲ್ಲಿಗೆ ಮಾತು ಮುಗಿದುಬಿಡುತ್ತದೆ. ಆತ ಎಂಥ ನಟ, ಆತನಿಗೆ ದೊರೆತ ಪಾತ್ರಗಳು ಎಂಥವು ಎಂಬ ವಿಚಾರ ಮಾತ್ರ ಹಿಂದೆ ಉಳಿಯುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ನಾವು ಈ ವಿಚಾರವನ್ನು ಎತ್ತಿಕೊಳ್ಳುವುದು ಉಚಿತವೇ ಸರಿ.

ಸಾಬು ಹುಟ್ಟಿದ್ದು 1924ರಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು. 1935ರಲ್ಲಿ ಅಲೆಕ್ಸಾಂಡರ್ ಕೋರ್ಡಾನ ಲಂಡನ್ ಕಂಪನಿಯ ಪರವಾಗಿ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗನ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡು ಆಗ ಒಂದೇ ವರ್ಷವಾಗಿತ್ತು. ಅದರ ಚಿತ್ರೀಕರಣ ನಡೆದದ್ದಾದರೂ ಕೊಲ್ಹಾಪುರದಲ್ಲಿ. ನಮ್ಮ ಭಾಷೆಯ ಚಿತ್ರ ಪರಸ್ಥಳದಲ್ಲಿ ತಯಾರಾಗುತ್ತಿದ್ದ ಆ ಕಾಲದಲ್ಲಿ, ನಮ್ಮ ಕಾಡಿನ ಹುಡುಗನೊಬ್ಬ ಇಂಗ್ಲಿಷ್ ಚಿತ್ರದ ನಾಯಕನಾದ.

1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಝೋಲ್ಟಾನ್ ಕೋರ್ಡಾ ಸೇರಿಸಿದ ದೃಶ್ಯಗಳು ಇಂದು ನಾಟಕೀಯವಾಗಿ ಕಾಣುತ್ತವೆ. ಆದರೆ ಆನೆಯ ಸೊಂಡಿಲಿನ ಮೇಲೆ ಕಾಲಿಟ್ಟು ಸಾಬು ಸರಾಗವಾಗಿ ಬೆನ್ನೇರುವಾಗ ಅಲ್ಲಿ ಅಭಿನಯವೆಂಬುದೇ ಇಲ್ಲ. ದುಡಿಮೆ ಗೊತ್ತಿರುವ ಮೈಯ ಸಹಜವಾದ ಚೆಲುವು ಅದು. ಅಷ್ಟು ದೊಡ್ಡ ಪ್ರಾಣಿಯ ಎದುರಿನಲ್ಲಿ ಅಷ್ಟು ಸಣ್ಣ ಹುಡುಗ ತೋರುವ ಅಧಿಕಾರವೂ ಸಲುಗೆಯೂ ಯಾವ ನಿರ್ದೇಶಕನೂ ಕಲಿಸಿಕೊಡಬಲ್ಲವಲ್ಲ.

ಮುಂದೆ ನಡೆದದ್ದೇನು? ಆನೆ ಹೋಯಿತು, ನಗು ಮಾತ್ರ ಉಳಿಯಿತು. 1938ರ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ಬ್ರಿಟಿಷರಿಗೆ ನೆರವಾಗುವ ಗಡಿನಾಡಿನ ರಾಜಕುಮಾರ. ಆ ಚಿತ್ರದ ವಿರುದ್ಧ ಇದೇ ಮುಂಬಯಿಯಲ್ಲಿ ಜನ ಪ್ರತಿಭಟಿಸಿದರು. ಹದಿನಾಲ್ಕರ ಬಾಲಕನನ್ನು ಅದಕ್ಕಾಗಿ ದೂರಲಾಗದು. ಚಿತ್ರದ ಉದ್ದೇಶವನ್ನು ಮಾತ್ರ ದೂರಲೇಬೇಕು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಬಹು ಸೊಗಸಾದ ಚಿತ್ರ. ಮೂರು ಆಸ್ಕರ್‌ಗಳನ್ನು ಗಳಿಸಿತು. ಕೊನೆಯಲ್ಲಿ, ಶಾಲೆಗೆ ಕಳಿಸಿ ವಜೀರನನ್ನಾಗಿ ಮಾಡುತ್ತೇವೆಂದು ದೊರೆ ಹೇಳಿದರೆ, ಸಾಬು ಹಾರುವ ಜಮಖಾನೆ ಏರಿ ಪರಾರಿಯಾಗುತ್ತಾನೆ. ಪ್ರೇಕ್ಷಕರು ನಲಿಯುತ್ತಾರೆ. ಆದರೆ ಆ ಹುಡುಗ ದೊಡ್ಡವನಾಗುವುದು ಚಿತ್ರೋದ್ಯಮಕ್ಕೂ ಬೇಕಿರಲಿಲ್ಲ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ, ಆ ಬಳಿಕ ಯೂನಿವರ್ಸಲ್ ಸಂಸ್ಥೆಯ ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’ ಮುಂತಾದ ಬಣ್ಣಬಣ್ಣದ ಚಿತ್ರಗಳಲ್ಲಿ ನಾಯಕನ ಗೆಳೆಯನಾಗಿ ಉಳಿದ. ಒಮ್ಮೆ ಅರಬ, ಇನ್ನೊಮ್ಮೆ ಯಾವುದೋ ದ್ವೀಪದವನು. ಹೆಸರಿನ ಪಟ್ಟಿಯಲ್ಲಿ ಬರೀ ‘ಸಾಬು’. ಯಾವ ಊರಿನವನೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ತೆರೆಯ ಹೊರಗೆ ಆತ ಹುಡುಗನಾಗಿ ಉಳಿಯಲಿಲ್ಲ. 1944ರಲ್ಲಿ ಅಮೆರಿಕದ ಪೌರನಾಗಿ ಆ ದೇಶದ ವಾಯುದಳ ಸೇರಿದ. ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಕಾಳಗದಲ್ಲಿ ತೋರಿದ ಶೌರ್ಯಕ್ಕೆ ಪದಕ ಪಡೆದ. ಮರಳಿ ಬಂದ ಮೇಲೆ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಒಂದರಲ್ಲಿ ಮಾತ್ರ, ಅತ್ತರು ಬಳಿದು ಮೆರೆಯುವ ಯುವ ರಾಜಮನೆತನದವನ ಸಣ್ಣ ಪಾತ್ರದಲ್ಲಿ, ಪ್ರಾಯದ ಜಂಬವನ್ನೂ ಚಾಪಲ್ಯವನ್ನೂ ತೋರಿಸುವ ಅವಕಾಶ ಸಿಕ್ಕಿತು. ಅದನ್ನು ಸಾಬು ಎಷ್ಟು ನವಿರಾಗಿ ಬಳಸಿಕೊಂಡಿದ್ದಾನೆಂದು ನೋಡಿದರೆ, ಆತನಲ್ಲಿ ಕೊರತೆ ಇರಲಿಲ್ಲ, ಕೊಡುವವರಲ್ಲಿತ್ತು ಎಂಬುದು ಸ್ಪಷ್ಟವಾಗುತ್ತದೆ. ಮುಂಬಯಿಯ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜೂ ಪಾತ್ರಕ್ಕೆ ಆತನನ್ನು ಬಯಸಿದ್ದರು. ಕೆಲಸದ ಪರವಾನಗಿ ದೊರೆಯದೆ ಅದು ಕೈತಪ್ಪಿತು. 1957ರಲ್ಲಿ ತೆರೆಕಂಡ ಚಿತ್ರದಲ್ಲಿ ಆ ಪಾತ್ರ ಸುನಿಲ್ ದತ್ತ್ ಅವರದಾಯಿತು. ಹುಟ್ಟಿದ ದೇಶದಲ್ಲೇ ಪರದೇಶಿಯಾಗುವುದೆಂದರೆ ಇದೇ. 1963ರ ಡಿಸೆಂಬರ್ 2ರಂದು, ಕೇವಲ 39ರ ಪ್ರಾಯದಲ್ಲಿ, ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡ.

ಈ ಕಥೆ ನಮಗೇಕೆ ಮುಖ್ಯವೆಂದರೆ, ಕಾರವಾರದವನನ್ನೂ ಕಲಬುರ್ಗಿಯವನನ್ನೂ ‘ಮದ್ರಾಸಿ’ ಎಂಬ ಒಂದೇ ಹೆಸರಿನಿಂದ ಕರೆಯುವ ಅಭ್ಯಾಸ ಈ ಮಹಾನಗರಕ್ಕೂ ಇತ್ತು. ಅಂಥ ಹಣೆಪಟ್ಟಿಯಿಂದಲೇ ಅನ್ನ ಸಿಗುವಾಗ ಅದನ್ನು ಕಿತ್ತೊಗೆಯುವುದು ಸುಲಭವಲ್ಲ. ಹಾಗೆಂದು ಸಾಬುವನ್ನು ಕೇವಲ ಬಲಿಪಶುವೆಂದು ಕಾಣುವುದೂ ಅನ್ಯಾಯ. ಕೊಟ್ಟ ವೇಷವನ್ನು ಆತ ಲವಲವಿಕೆಯಿಂದ, ಪ್ರಾಮಾಣಿಕವಾಗಿ ನಿರ್ವಹಿಸಿದ.

ನಮ್ಮ ಭಾಗದ ಕನ್ನಡ ಸಂಘಗಳು ಒಂದು ಭಾನುವಾರ ಮಕ್ಕಳಿಗೆ ‘ಎಲಿಫೆಂಟ್ ಬಾಯ್’ ಚಿತ್ರವನ್ನೂ, ಅದರ ಬೆನ್ನಿಗೇ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದ ಆಯ್ದ ದೃಶ್ಯಗಳನ್ನೂ ತೋರಿಸಿದರೆ ಒಳಿತು. ‘ಇವನು ನಮ್ಮವನು’ ಎಂದು ಹೇಳಿಕೊಟ್ಟು ಕೈಬಿಡುವ ಬದಲು, ಈ ಎರಡರ ನಡುವಿನ ಹತ್ತು ವರ್ಷಗಳಲ್ಲಿ ಆತನಿಗೆ ಯಾವ ಪಾತ್ರಗಳು ಸಿಗಬಹುದಿತ್ತು ಎಂದು ಮಕ್ಕಳನ್ನೇ ಕೇಳೋಣ.